ಸೀನಣ್ಣ ಮಾಡೆಲ್ ಆದದ್ದು

ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿರುವ ಸೀನಣ್ಣ ತನ್ನ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮಾಡೆಲ್ ಆಗಲು ನೀರುದೋಸೆಯೇ ಕಾರಣ.

ಸೀನಣ್ಣ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಸೂಪರ್‌ವೈಸರ್. ಆ ಹೋಟೆಲಿಗೆ ದಿನಾ ಬೆಳಿಗ್ಗೆ ತಿಂಡಿಗೆ ಬರುತ್ತಿದ್ದ ಯಕ್ಷಿತಾ ಎಂಬ ಹುಡುಗಿ ಒಂದು ದಿನ ಮಾಲೀಕರ ಒಪ್ಪಿಗೆ ಪಡೆದು, ಕೈತೊಳೆಯುವ ಬೇಸಿನ್ನಿನ ಮೇಲಿನ ಗೋಡೆಗೆ ಒಂದು ಇಂಗ್ಲಿಷ್ ಚೀಟಿ ಅಂಟಿಸಿ ಹೋದಳು. ಅವಳು ಹೋದ ಹತ್ತು ನಿಮಿಷಕ್ಕೆ ಅಡುಗೆಯವರು ‘ಇಂದಿನ ವಿಶೇಷ ನೀರುದೋಸೆ’ ಎಂಬ ಹಲಗೆಯನ್ನು ತಂದು ಅದರ ಮೇಲೇ ತೂಗುಹಾಕಿದರು. ಹಲಗೆಯ ಮೇಲ್ಗಡೆ ಕಾಣುತ್ತಿದ್ದದ್ದು ‘ಕಂಪ್ಯೂಟೇಶನಲ್ ಮಾಡೆಲಿಂಗ್’ ಎಂಬ ಎರಡು ಪದ. ಕೆಳಗಡೆ ಇಣುಕುತ್ತಿದ್ದದ್ದು ನಲವತ್ತರಿಂದ ಅರವತ್ತು ವಯಸ್ಸಿನವರು ಬೇಕಾಗಿದ್ದಾರೆ, ಸಂಪರ್ಕಿಸಿ ಎಂಬ ಸಾಲು ಮತ್ತು ಒಂದು ಫೋನ್ ನಂಬರು. ನಡುವಿನ ಮೂರು ಸಾಲುಗಳನ್ನು ನೀರುದೋಸೆ ನುಂಗಿಬಿಟ್ಟಿತ್ತು.

ಸೀನಣ್ಣನಿಗೆ ತನ್ನ ಮೀಸೆಯ ಬಗ್ಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿತ್ತು. ಮೊಣಕಾಲು ನೋವಿನ ಎಣ್ಣೆಯ ಜಾಹೀರಾತಿನಲ್ಲಿ ನಗುನಗುತ್ತಾ ಮೆಟ್ಟಿಲು ಹತ್ತುವ ಹಿರಿಯರನ್ನು ಟೀವಿಯಲ್ಲಿ ನೋಡಿದಾಗಲೆಲ್ಲ, ಇವರಿಗಿಂತ ಚೆನ್ನಾಗಿ ತಾನು ಹತ್ತಬಲ್ಲೆ ಎಂದು ಅವನಿಗೆ ಅನ್ನಿಸುತ್ತಿತ್ತು. ಈಗಿನ ಕಾಲದಲ್ಲಿ ಫೋಟೋ, ಮೆಟ್ಟಿಲು ಎಲ್ಲ ಕಂಪ್ಯೂಟರಿನಲ್ಲೇ ತಯಾರಾಗುವುದರಿಂದ ಕಂಪ್ಯೂಟರ್ ಮಾಡೆಲಿಂಗ್ ಎಂದರೆ ಅದೇ ಇರಬೇಕೆಂದು ತೀರ್ಮಾನಿಸಿದ. ಅವನ ತೀರ್ಮಾನಗಳು ಯಾವಾಗಲೂ ಹೀಗೆ, ಬಹಳ ಬೇಗ ಮುಗಿಯುತ್ತಿದ್ದವು.

ಆದರೆ ಅವನನ್ನು ನಿಜವಾಗಿ ಎಳೆದದ್ದು ಮೀಸೆಯಲ್ಲ. ತನ್ನ ಮುಖ ಟೀವಿಯಲ್ಲಿ ಬಂದರೆ ಅದು ಜೋಗೇಶ್ವರಿಯಲ್ಲೂ ಕಾಣುತ್ತದೆ. ತಾನು ಹೋಗದೆಯೇ ತನ್ನ ಮುಖ ಅಂಗಾರನ ಮನೆಗೆ ಹೋಗಿ ಬರುತ್ತದೆ. ಈ ಯೋಚನೆ ಬಂದ ಮೇಲೆ ಸೀನಣ್ಣನಿಗೆ ಆ ದಿನ ಯಾವ ಟೇಬಲ್ಲಿಗೆ ಯಾರು ಏನು ಹೇಳಿದರೆಂಬುದೇ ನೆನಪಿರಲಿಲ್ಲ.

ಅಂಗಾರನೂ ಸೀನಣ್ಣನೂ ಹದಿನೆಂಟು ವಯಸ್ಸಿನಲ್ಲಿ ಕಾರ್ಕಳದ ಕಡೆಯಿಂದ ಒಂದೇ ಬಸ್ಸಿನಲ್ಲಿ ಮುಂಬಯಿಗೆ ಬಂದವರು. ಜೋಗೇಶ್ವರಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜೊತೆಗೇ ಪಾತ್ರೆ ತೊಳೆದವರು, ಒಂದೇ ಚಾಳಿನ ಒಂದೇ ಕೋಣೆಯಲ್ಲಿ ಮಲಗಿದವರು. ಅಂಗಾರ ಮದುವೆಯಾಗಿ ವಿನೋದಿನಿಯನ್ನು ಕರೆತಂದಾಗ ಸೀನಣ್ಣನ ಚಾಪೆ ಪಕ್ಕದ ಕೋಣೆಗೆ ಹೋಯಿತೇ ಹೊರತು ತಟ್ಟೆ ಅಲ್ಲೇ ಉಳಿಯಿತು. ಒಂಬತ್ತು ವರ್ಷ ಅವನು ವಿನೋದಿನಿಯ ಕೈ ಅಡುಗೆ ಉಂಡ. ಹೀಗೇ ಬಿಟ್ಟರೆ ಈ ಮನುಷ್ಯ ಮದುವೆಯಾಗುವುದಿಲ್ಲವೆಂದು ಕಂಡುಕೊಂಡು ಶೀಲಾವತಿಯನ್ನು ಹುಡುಕಿ ತಂದವಳೂ ಅವಳೇ. ಸಯನ್ನಿಗೆ ಮನೆ ಮಾಡಿದ ಮೇಲೂ ಭಾನುವಾರವೆಂದರೆ ಜೋಗೇಶ್ವರಿ.

ಆರು ವರ್ಷದ ಹಿಂದೆ ವಿನೋದಿನಿ ಕಾಯಿಲೆ ಬಿದ್ದು ಪರೇಲಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟು ದಿನ ಮಲಗಿದಳು. ಅಷ್ಟು ದಿನದಲ್ಲಿ ಸೀನಣ್ಣ ಒಂದು ಸಲವೂ ಅವಳ ಮುಂದೆ ಹೋಗಿ ನಿಲ್ಲಲಿಲ್ಲ. ಶೀಲಾವತಿಯ ಕಾಲಿಗೆ ಆಗ ಪ್ಲಾಸ್ಟರ್ ಹಾಕಿದ್ದರಿಂದ ಅವಳು ಹೋಗುವಂತಿರಲಿಲ್ಲ. ತಾನು ನೋಡಿ ಬಂದೆನೆಂದು ಅವಳಿಗೆ ಸುಳ್ಳು ಹೇಳಿದ. ವಿನೋದಿನಿ ತೀರಿಕೊಂಡ ಸುದ್ದಿ ಬಂದ ದಿನ ಜ್ವರವೆಂದು ಹೊದ್ದು ಮಲಗಿದ, ಮಧ್ಯಾಹ್ನದ ಹೊತ್ತಿಗೆ ಜ್ವರ ನಿಜವಾಗಿಯೂ ಬಂತು. ಹದಿಮೂರನೆಯ ದಿನದ ಕಾರ್ಯಕ್ಕಾದರೂ ಹೋಗೋಣವೆಂದುಕೊಂಡವನು, ಸುಡುವ ದಿನ ಬಾರದವನು ಊಟದ ದಿನ ಯಾವ ಮುಖ ಹೊತ್ತು ಹೋಗುವುದೆಂದು ಬಿಟ್ಟ. ಕಾರ್ಯಕ್ಕೆ ಹೋಗದವನು ದೀಪಾವಳಿಗೆ ಹೇಗೆ ಹೋಗುವುದು? ದೀಪಾವಳಿಗೂ ಹೋಗದವನು ಸುಮ್ಮನೆ ಒಂದು ಭಾನುವಾರ ಹೇಗೆ ಹೋಗುವುದು? ಹೀಗೆ ಆರು ವರ್ಷವಾಯಿತು.

ಹಾಗೆಂದು ಅವನು ಭಾನುವಾರ ಮನೆಯಲ್ಲಿ ಕೂರುತ್ತಿರಲಿಲ್ಲ. ತರಕಾರಿ ತರುತ್ತೇನೆಂದು ದಾದರಿಗೆ ಹೋಗಿ, ಸೇತುವೆ ದಾಟಿ ವೆಸ್ಟರ್ನ್ ಲೈನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಜೋಗೇಶ್ವರಿಯಲ್ಲಿ ನಿಲ್ಲುವ ಬೋರಿವಲಿ ಸ್ಲೋ ಗಾಡಿಗಳನ್ನು ಒಂದೊಂದಾಗಿ ಹೋಗಗೊಡುತ್ತಿದ್ದ. ಮುಂದಿನದಕ್ಕೆ ಹತ್ತುತ್ತೇನೆ ಎಂದುಕೊಳ್ಳುವುದು, ಗಾಡಿ ಬರುವುದು, ಜನ ಹತ್ತುವುದು, ಗಾಡಿ ಹೋಗುವುದು. ನಾಲ್ಕೋ ಐದೋ ಹೋದ ಮೇಲೆ ಸ್ಟೇಷನ್ನಿನ ಹೊರಗೆ ಮಾರುವ ನುಗ್ಗೆಕಾಯಿಯ ಒಂದು ಕಟ್ಟನ್ನು ಕಂಕುಳಲ್ಲಿರಿಸಿಕೊಂಡು ಮನೆಗೆ. ಆರು ವರ್ಷ ಪ್ರತಿ ಸೋಮವಾರ ಅವರ ಮನೆಯಲ್ಲಿ ನುಗ್ಗೆಕಾಯಿ ಸಾಂಬಾರು. ದಾದರಿನಂಥ ದಾದರಿನಲ್ಲಿ ಬೇರೆ ತರಕಾರಿ ಯಾಕೆ ಸಿಗುವುದಿಲ್ಲವೆಂದು ಶೀಲಾವತಿ ಕೇಳುವುದನ್ನೂ ಬಿಟ್ಟಿದ್ದಳು.

ಸರಿ, ಸೀನಣ್ಣ ಫೋನ್ ಮಾಡಿದ, ಶನಿವಾರ ಬೆಳಿಗ್ಗೆ ಬನ್ನಿ ಎಂದರು. ಶುಕ್ರವಾರ ಸಂಜೆ ಸಲೂನಿನಲ್ಲಿ ಮೀಸೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿರುವಾಗ ಪಕ್ಕದ ಕುರ್ಚಿಯಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ಶಶಿಕಾಂತ ಕೂತಿದ್ದರು. ಅವರು ಮರಾಠಿಯವರು. ನೀರಿನ ಟ್ಯಾಂಕಿನಿಂದ ಹಿಡಿದು ಮೂರನೆಯ ಮಾಳಿಗೆಯ ಮಗುವಿಗೆ ಹಲ್ಲು ಬರುವವರೆಗೆ ಬಿಲ್ಡಿಂಗಿನಲ್ಲಿ ನಡೆಯುವುದೆಲ್ಲ ತಮ್ಮ ಇಲಾಖೆ ಎಂದು ತಿಳಿದವರು. ಮೀಸೆಗೆ ಬಣ್ಣ ಯಾಕೆಂದು ವಿಚಾರಿಸಿದರು. ಸೀನಣ್ಣ ಆದಷ್ಟು ಸಾಧಾರಣ ಧ್ವನಿಯಲ್ಲಿ, ನಾಳೆ ಮಾಡೆಲಿಂಗಿಗೆ ಕರೆದಿದ್ದಾರೆ ಎಂದ. ಅಷ್ಟು ಸಾಧಾರಣವಾಗಿ ಹೇಳಿದ ಮಾತನ್ನು ಶಶಿಕಾಂತರು ಮರೆಯುವಂತಿರಲಿಲ್ಲ.

ಶನಿವಾರ ಇಸ್ತ್ರಿ ಅಂಗಿ ತೊಟ್ಟು ಸ್ಟೇಷನ್ನಿನ ಹಿಂದಿನ ಕಟ್ಟಡದ ನಾಲ್ಕನೆಯ ಮಾಳಿಗೆಗೆ ಹೋದರೆ ಅಲ್ಲಿ ಕ್ಯಾಮೆರಾ ಇರಲಿಲ್ಲ, ದೀಪಗಳಿರಲಿಲ್ಲ, ಮೆಟ್ಟಿಲಂತೂ ಇರಲೇ ಇಲ್ಲ. ಒಂದು ಮೇಜು, ಒಂದು ಕಂಪ್ಯೂಟರ್, ಕಿವಿಗೆ ಹಾಕುವ ಹೆಡ್‌ಫೋನ್ ಇದ್ದವು. ಎದುರು ಕೂತು ಎಲ್ಲ ವಿವರಿಸಿದ ಯಕ್ಷಿತಾ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಂಗಳೂರಿನ ಕಡೆಯ ಹುಡುಗಿ. ಅವಳ ಕನ್ನಡ ನಡುನಡುವೆ ನಿಂತು ಇಂಗ್ಲಿಷಿನಿಂದ ಸಾಲ ಪಡೆದು ಮುಂದೆ ಹೋಗುತ್ತಿತ್ತು. ವಿಪರೀತ ಆತಂಕದಂಥ ಮನಸ್ಸಿನ ಕಾಯಿಲೆ ಇರುವವರು ಕೆಲವು ಜಾಗ, ಕೆಲವು ಜನ, ಕೆಲವು ಕೆಲಸಗಳನ್ನು ತಪ್ಪಿಸುತ್ತಾ ಹೋಗುತ್ತಾರಲ್ಲ, ಅದು ಅವರ ಮನಸ್ಸಿನೊಳಗೆ ಹೇಗೆ ನಡೆಯುತ್ತದೆಂದು ಗಣಿತದಲ್ಲಿ ಬರೆದು ಕಂಪ್ಯೂಟರಿನಿಂದ ಅಳೆಯುವುದು ಯಕ್ಷಿತಾಳ ತಂಡದ ಕೆಲಸ. ಆ ಗಣಿತಕ್ಕೆ ಮಾಡೆಲ್ ಎಂದು ಹೆಸರು. ಹೋಲಿಸಿ ನೋಡಲು ಕಾಯಿಲೆ ಇಲ್ಲದವರೂ ಬೇಕು, ಅದಕ್ಕಾಗಿ ಅಂಕಲ್ ಬಂದದ್ದು ತುಂಬ ಸಂತೋಷ.

ಸೀನಣ್ಣನಿಗೆ ಮೀಸೆ ಭಾರವಾದಂತಾಯಿತು. ತಾನು ಬಂದದ್ದು ಬೇರೆ ಮಾಡೆಲಿಂಗಿಗೆ ಎಂದು ಹೇಳಿ ಎದ್ದು ಹೋಗಬಹುದಿತ್ತು. ಹಾಗೆ ಹೇಳುವುದು ನಾಚಿಕೆಯಾಗಿ, ಅದನ್ನು ತಪ್ಪಿಸಿಕೊಳ್ಳಲು ಕಾಗದಕ್ಕೆ ಸಹಿ ಹಾಕಿ ಕೂತ.

ಆಟ ಸುಲಭವಾಗಿತ್ತು. ಪರದೆಯ ಮೇಲೆ ಎರಡು ದಾರಿ. ಗಿಡ್ಡ ದಾರಿಯಲ್ಲಿ ಹೋದರೆ ಹತ್ತು ಅಂಕ, ಆದರೆ ಕೆಲವೊಮ್ಮೆ ಒಂದು ನಾಯಿ ಹಾರಿ ಬಂದು ಕಿವಿ ಕಿತ್ತುಹೋಗುವಂತೆ ಬೊಗಳುತ್ತದೆ. ಸುತ್ತು ದಾರಿಯಲ್ಲಿ ಎರಡೇ ಅಂಕ, ನಾಯಿ ಇಲ್ಲ. ನೂರಿಪ್ಪತ್ತು ಸಲ ಆಡಬೇಕು. ಮೊದಲ ಹತ್ತು ಸಲದಲ್ಲಿ ಸೀನಣ್ಣನಿಗೆ ಮೂರು ಬಾರಿ ನಾಯಿ ಸಿಕ್ಕಿತು. ಮೂರನೆಯ ಸಲ ಅವನು ಕುರ್ಚಿಯಿಂದ ಎದ್ದೇ ನಿಂತಿದ್ದ. ಆಮೇಲೆ ಉಳಿದ ನೂರಹತ್ತು ಸಲವೂ ಸುತ್ತು ದಾರಿ ಹಿಡಿದ. ಆಟ ಮುಗಿದಾಗ ಬೆವರು ಒರೆಸಿಕೊಂಡು, ಒಂದು ನಾಯಿಯೂ ಆಮೇಲೆ ಹತ್ತಿರ ಬರಲಿಲ್ಲವೆಂದು ಹೆಮ್ಮೆಯಿಂದ ಹೇಳಿದ.

ಯಕ್ಷಿತಾ ಪರದೆಯ ಮೇಲೆ ಒಂದು ಗೆರೆ ತೋರಿಸಿದಳು. ನಾಯಿ ಇದೆ ಎಂಬ ನಂಬಿಕೆ ಅವನ ಮನಸ್ಸಿನಲ್ಲಿ ಎಷ್ಟಿತ್ತೆಂದು ಮಾಡೆಲ್ ಲೆಕ್ಕ ಹಾಕಿದ ಗೆರೆ ಅದು. ಬೇರೆಯವರದ್ದು ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಸೀನಣ್ಣನದ್ದು ಏರಿತ್ತು, ಏರಿ ಅಲ್ಲೇ ಕೂತಿತ್ತು, ತುದಿಯವರೆಗೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ನೆಟ್ಟಗೆ.

“ಅಂಕಲ್, ನಲವತ್ತನೇ ಟರ್ನ್ ಆದ್ಮೇಲೆ ಆ ರೋಡಲ್ಲಿ ನಾಯಿ ಇರ್ಲೇ ಇಲ್ಲ,” ಎಂದಳು. “ನಾವು ತೆಗ್ದಿದ್ವಿ. ಬಟ್ ನೀವು ಆ ಕಡೆ ಹೋಗ್ಲೇ ಇಲ್ಲ, ಸೋ ನಿಮ್ಗೆ ಗೊತ್ತೇ ಆಗ್ಲಿಲ್ಲ.”

ಸೀನಣ್ಣ ಸ್ವಲ್ಪ ಹೊತ್ತು ಗೆರೆಯನ್ನೇ ನೋಡಿದ. ತೆಗೆದಾಗ ಒಂದು ಮಾತು ಹೇಳಬಹುದಿತ್ತಲ್ಲವೇ ಎಂದು ಕೇಳಿದ. ಹೇಳುವುದಿಲ್ಲ, ಹೋಗಿಯೇ ನೋಡಬೇಕು, ಈ ಅಧ್ಯಯನ ಇರುವುದೇ ಅದರ ಮೇಲೆ ಎಂದಳು ಅವಳು. ತನಗೆ ಕಾಯಿಲೆಯೇ ಎಂದು ಕೇಳಿದ್ದಕ್ಕೆ, ಒಂದು ಆಟದಿಂದ ಹಾಗೆಲ್ಲ ಹೇಳಲಾಗದು, ಅಂಕಲ್ ಚೆನ್ನಾಗಿಯೇ ಇದ್ದಾರೆ ಎಂದು ನಕ್ಕಳು. ಆಮೇಲೆ ಸಂತೋಷ ತಡೆಯಲಾರದೆ, ಇಷ್ಟು ಚೆಂದದ ಡೇಟಾ ತನಗೆ ಈವರೆಗೆ ಸಿಕ್ಕಿರಲಿಲ್ಲ, ಅಂಕಲ್‌ದು ಪರ್ಫೆಕ್ಟ್ ಮಾಡೆಲ್ ಎಂದಳು.

ಮರಳಿ ಬಂದಾಗ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ಶಶಿಕಾಂತರು ಕಾದಿದ್ದರು. ಏನಾಯಿತೆಂದು ಕೇಳಿದರು. ಪರ್ಫೆಕ್ಟ್ ಮಾಡೆಲ್ ಅಂದರು ಎಂದ ಸೀನಣ್ಣ. ಅದು ನಿಜವೇ ಆಗಿತ್ತು. ಯಾವುದರ ಮಾಡೆಲಿಂಗ್ ಎಂದು ಕೇಳಿದಾಗ, ತಲೆಗೆ ಸಂಬಂಧಪಟ್ಟದ್ದು ಎಂದ. ಅದೂ ನಿಜ. ಇಷ್ಟು ನಿಜಗಳನ್ನು ಸೇರಿಸಿ ಶಶಿಕಾಂತರು ಸಂಜೆಯೊಳಗೆ ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ, ನಮ್ಮ ಬಿಲ್ಡಿಂಗಿನ ಸೀನಭಾವು ಕೇಶತೈಲದ ಜಾಹೀರಾತಿನಲ್ಲಿ ಬರುತ್ತಿದ್ದಾರೆ ಎಂದು ಪ್ರಕಟಿಸಿದರು.

ಸೀನಣ್ಣನ ತಲೆಯಲ್ಲಿ ಆಗ ಕಿವಿಗಳ ಮೇಲೆ ಮಾತ್ರ ಕೂದಲಿತ್ತು. ಇದು ಯಾರಿಗೂ ಅಡ್ಡಿಯಾಗಲಿಲ್ಲ. ಬೋಳು ತಲೆಯಿಂದ ಶುರುಮಾಡಿ ಕೊನೆಗೆ ಕೂದಲು ತೋರಿಸುತ್ತಾರೆಂದು ತಿಳಿದವರು ತಿಳಿಯದವರಿಗೆ ವಿವರಿಸಿದರು. ಅವನು ಮೆಟ್ಟಿಲಿಳಿಯುವಾಗ ಮೇಲಿನ ಮಾಳಿಗೆಯವರು ಕಟಕಟೆಯಿಂದ ಬಗ್ಗಿ ಅವನ ನೆತ್ತಿಯನ್ನು ಗಮನಿಸತೊಡಗಿದರು. ಎಂಟೇ ದಿನದಲ್ಲಿ, ಸಣ್ಣಗೆ ಏನೋ ಬರುತ್ತಿದೆ ಎಂದು ಇಬ್ಬರು ಕಂಡು ಹೇಳಿದರು. ನಾನೂ ಒಂದು ಬೆಳಿಗ್ಗೆ ಕಂಡೆನೆಂದು ಒಪ್ಪಿಕೊಳ್ಳಬೇಕು. ಮೂರನೆಯ ಮಾಳಿಗೆಯ ಹೆಂಗಸೊಬ್ಬರು ತಮ್ಮ ಅಳಿಯನಿಗಾಗಿ ಒಂದು ಬಾಟಲಿ ಬೇಕೆಂದು ಶೀಲಾವತಿಯನ್ನು ಗುಟ್ಟಾಗಿ ಕೇಳಿದರು. ಹೋಟೆಲಿನ ಮಾಲೀಕರು, ಇನ್ನು ಮುಂದೆ ಸೀನ ಒಳಗೆ ಓಡಾಡುವುದು ಬೇಡ, ಬಾಗಿಲಲ್ಲೇ ನಿಂತಿರಲಿ ಎಂದರು.

ನಿಜ ಹೇಳಲು ಸೀನಣ್ಣನಿಗೆ ದಿನಕ್ಕೆ ಹತ್ತು ಅವಕಾಶಗಳಿದ್ದವು. ಹತ್ತರಲ್ಲೂ ಅವನು ಸುತ್ತು ದಾರಿ ಹಿಡಿದ. ಎಣ್ಣೆ ಇನ್ನೂ ಮಾರುಕಟ್ಟೆಗೆ ಬಂದಿಲ್ಲ ಎಂದ. ಹೆಸರು ಹೇಳಬಾರದೆಂದು ಸಹಿ ಹಾಕಿಸಿಕೊಂಡಿದ್ದಾರೆ ಎಂದ.

ಆಗ ಬಂದವರು ಸಂಗಪ್ಪನವರು. ಅವರು ವಿಜಯಪುರದ ಕಡೆಯವರು, ರೈಲ್ವೆ ಕಚೇರಿಯಿಂದ ನಿವೃತ್ತರಾದವರು, ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಸಂಘದ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಒಬ್ಬರಿಗೆ ಸನ್ಮಾನ ಮಾಡುವ ಪದ್ಧತಿ. ಆದರೆ ಸನ್ಮಾನಕ್ಕೆ ಯೋಗ್ಯರೆಲ್ಲ ಎರಡೆರಡು ಸಲ ಶಾಲು ಹೊದ್ದು ಮುಗಿದಿತ್ತು. ಹಿಂದಿನ ವರ್ಷ ಯಾರೂ ಸಿಗದೆ, ಸಭಾಭವನದ ಫ್ಯಾನು ರಿಪೇರಿ ಮಾಡಲು ಬಂದವರನ್ನೇ ವೇದಿಕೆಗೆ ಹತ್ತಿಸಿದ್ದರು.

“ಸೀನಪ್ಪನವರ, ಒಲ್ಲೆ ಅನಬ್ಯಾಡ್ರಿ,” ಎಂದರು ಸಂಗಪ್ಪನವರು ಕುರ್ಚಿಯಲ್ಲಿ ಕೂತು. “ನಮ್ಮೊಳಗ ಡಾಕ್ಟರ್ ಅದಾರ, ವಕೀಲ್ರು ಅದಾರ, ಹೋಟೆಲ್ ಮಾಲಕರು ಬೇಕಾದಷ್ಟು ಮಂದಿ ಅದಾರ. ಮಾಡೆಲ್ ಅನ್ನಾವ್ರು ನೀವ ಮೊದಲನೇವ್ರು.”

ಅದು ಹಾಗಲ್ಲ ಎಂದು ಸೀನಣ್ಣ ಶುರುಮಾಡಿದ. ದೊಡ್ಡವರು ಹೀಗೇ ಹೇಳುತ್ತಾರೆಂದು ಸಂಗಪ್ಪನವರು ಅವನ ಬೆನ್ನು ತಟ್ಟಿ, ಮುಂದಿನ ಭಾನುವಾರ ಸಂಜೆ ನಾಲ್ಕು ಗಂಟೆಗೆ ಎಂದು ಹೇಳಿ ಚಹಾ ಕುಡಿದು ಹೋದರು.

ಅವರು ಹೋದ ಮೇಲೆ ಸೀನಣ್ಣ ಶೀಲಾವತಿಗಾದರೂ ಹೇಳಿಬಿಡಬೇಕೆಂದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಅವಳು ಚಹಾದ ಲೋಟ ತೊಳೆಯುತ್ತಿದ್ದಳು. ಹಿಂದೆ ತಿರುಗದೆಯೇ ಹೇಳಿದಳು:

“ಇಷ್ಟು ವರ್ಷ ನೀವು ಯಾರಲ್ಲಿಗೂ ಬರುದಿಲ್ಲ. ಮದುವೆ ಅಂದ್ರೆ ಇಲ್ಲ, ಪೂಜೆ ಅಂದ್ರೆ ಇಲ್ಲ. ನಾನೊಬ್ಬಳೇ ಹೋಗಿ, ಇವರಿಗೆ ಡ್ಯೂಟಿ ಉಂಟು ಅಂತ ಹೇಳಿ ಹೇಳಿ ನಂಗೇ ಬಾಯಿಪಾಠ ಆಗಿದೆ. ಇದೊಂದಕ್ಕಾದ್ರೂ ನನ್ನ ಒಟ್ಟಿಗೆ ಬರ್ತೀರಲ್ಲ, ಅಷ್ಟು ಸಾಕು.”

ಸೀನಣ್ಣ ಒಂದು ಲೋಟ ನೀರು ಕುಡಿದು ಹಿಂದೆ ಬಂದ.

ಭಾನುವಾರ ಶೀಲಾವತಿ ಮೂರಕ್ಕೇ ಹೊಸ ಸೀರೆ ಉಟ್ಟು ಬಿಲ್ಡಿಂಗಿನ ಹೆಂಗಸರ ಜೊತೆ ಮುಂದೆ ಹೋದಳು. ಸೀನಣ್ಣ ಹಿಂದಿನಿಂದ ಒಬ್ಬನೇ ನಡೆದು ಸಭಾಭವನದ ಬಾಗಿಲಿಗೆ ಬಂದ. ಬಾಗಿಲಿನ ಮೇಲೆ ಬಾಗಿಲಿಗಿಂತ ದೊಡ್ಡ ಬ್ಯಾನರು. ‘ಖ್ಯಾತ ರೂಪದರ್ಶಿ ಶ್ರೀ ಸೀನ ಅವರಿಗೆ ಸನ್ಮಾನ’ ಎಂದು ಬರೆದು ಪಕ್ಕದಲ್ಲಿ ಅವನ ಫೋಟೋ ಹಾಕಿದ್ದರು. ಯಾರೋ ಅಭಿಮಾನದಿಂದ ಕಂಪ್ಯೂಟರಿನಲ್ಲಿ ಅವನ ತಲೆಯ ತುಂಬ ಕಪ್ಪು ಕೂದಲು ಬೆಳೆಸಿದ್ದರು. ಆ ಕೂದಲಿನ ಕೆಳಗಿನ ಮುಖ ಸೀನಣ್ಣನದ್ದೇ, ಆದರೆ ಇಪ್ಪತ್ತೈದು ವರ್ಷದ ಸೀನಣ್ಣನದ್ದು. ಜೋಗೇಶ್ವರಿಯ ಚಾಳಿನ ಬಾಗಿಲಲ್ಲಿ ತಟ್ಟೆಗಾಗಿ ಕಾದು ಕೂರುತ್ತಿದ್ದ ಹುಡುಗನದ್ದು. ಸೀನಣ್ಣ ಅದನ್ನು ನೋಡುತ್ತಾ ನಿಂತ. ಒಳಗೆ ಮೈಕಿನಲ್ಲಿ ಸಂಗಪ್ಪನವರು ಹಲೋ ಹಲೋ ಎಂದು ಪರೀಕ್ಷಿಸುತ್ತಿದ್ದರು. ಅವನು ಮೆಲ್ಲನೆ ತಿರುಗಿ ಸ್ಟೇಷನ್ನಿನ ಕಡೆ ನಡೆದ.

ಭಾನುವಾರದ ಅಭ್ಯಾಸದಿಂದ ಕಾಲುಗಳು ತಾವಾಗಿ ಅವನನ್ನು ದಾದರಿಗೆ ಒಯ್ದವು, ಸೇತುವೆ ದಾಟಿಸಿ ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿದವು. ಒಂದು ಬೋರಿವಲಿ ಸ್ಲೋ ಬಂತು, ಹೋಯಿತು. ಎರಡನೆಯದು ಬರುವ ಹೊತ್ತಿಗೆ ಸೇತುವೆಯ ಮೇಲಿನಿಂದ ಯಾರೋ ಅವನ ಹೆಸರು ಕೂಗಿದರು. ಮೇಲೆ ನೋಡಿದರೆ ಶಶಿಕಾಂತರು, ಕೈಯಲ್ಲಿ ಮಾಲೆ. ಸೀನಭಾವು ಭಾನುವಾರ ದಾದರಿನಲ್ಲಿರುತ್ತಾರೆಂಬುದೂ ಅವರ ಇಲಾಖೆಗೆ ತಿಳಿದಿತ್ತು. ಜನರನ್ನು ಸರಿಸುತ್ತಾ, ಮಾಲೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಅವರು ಮೆಟ್ಟಿಲಿಳಿಯತೊಡಗಿದರು. ಎದುರಿಗೆ ಗಾಡಿ ನಿಂತಿತ್ತು. ಹಿಂದೆ ಶಾಲು, ಮುಂದೆ ಜೋಗೇಶ್ವರಿ. ಅಷ್ಟು ಹತ್ತಿರಕ್ಕೆ ಬಂದ ಭಯ ಅಷ್ಟು ದೂರದ ಭಯಕ್ಕಿಂತ ದೊಡ್ಡದಾಗಿ ಕಂಡಿತು. ಆರು ವರ್ಷದಲ್ಲಿ ಮೊದಲ ಬಾರಿಗೆ ಸೀನಣ್ಣ ಬೋರಿವಲಿ ಸ್ಲೋ ಹತ್ತಿದ.

ಓಡಿಹೋಗಲು ಹತ್ತಿದವನು ಮುಂದಿನ ಸ್ಟೇಷನ್ನಿನಲ್ಲಿ ಇಳಿದರೆ ಸಾಕಿತ್ತು. ಮಾಟುಂಗಾ ರೋಡಿನಲ್ಲಿ ಎದ್ದ. ಇಳಿಯುವವರಿಗೆ ಅಡ್ಡ ನಿಂತಿದ್ದೀರೆಂದು ಯಾರೋ ಬೈದರು, ಮತ್ತೆ ಕೂತ. ಮಾಹಿಮಿನಲ್ಲಿ ಎದ್ದ. ಬಾಂದ್ರಾದಲ್ಲಿ ಬಾಗಿಲವರೆಗೆ ಹೋಗಿ ಬಂದ. ಸಾಂತಾಕ್ರೂಜಿನಲ್ಲಿ ಎದುರಿನ ಸೀಟಿನವರು, ನಿಮಗೆ ಯಾವ ಸ್ಟೇಷನ್ ಬೇಕು ಎಂದು ಹಿಂದಿಯಲ್ಲಿ ಕೇಳಿದರು. ಜೋಗೇಶ್ವರಿ ಎಂದ. ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟೋ ಕಾಲವಾಗಿತ್ತು. ಹಾಗಾದರೆ ಆರಾಮಾಗಿ ಕೂತುಕೊಳ್ಳಿ, ಬಂದಾಗ ಹೇಳುತ್ತೇನೆ ಎಂದರು ಅವರು. ಅಂಧೇರಿ ದಾಟಿದ ಮೇಲೆ ಹೇಳಿಯೂ ಹೇಳಿದರು. ಅಷ್ಟು ಜವಾಬ್ದಾರಿಯಿಂದ ಹೇಳಿದವರ ಮುಂದೆ ಇಳಿಯದೆ ಕೂರುವುದು ಚೆನ್ನಾಗಿರುವುದಿಲ್ಲವೆಂದು ಸೀನಣ್ಣ ಇಳಿದ.

ಚಾಳು ಅಲ್ಲೇ ಇತ್ತು. ಮುಂದಿನ ಗಲ್ಲಿಯಲ್ಲಿ ಪಾತ್ರೆಗಳಿಗೆ ಹಿಡಿ ಕೂರಿಸುವ ಸಣ್ಣ ಕಾರ್ಖಾನೆ ಅಂಗಾರನದ್ದು; ಭಾನುವಾರವಾದ್ದರಿಂದ ಅದರ ಶಟರು ಎಳೆದಿತ್ತು. ಮನೆಯ ಬಾಗಿಲು ತೆರೆದೇ ಇತ್ತು. ಅಂಗಾರ ನೆಲದಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದ, ಒಬ್ಬನಿಗೆ ಬೇಕಾದಷ್ಟು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆ ಎತ್ತಿ ನೋಡಿದ.

“ಮೀಸೆಗೆ ಎಂತ ಮಾಡಿದ್ದಿ?” ಎಂದ.

ಸೀನಣ್ಣ ಚಪ್ಪಲಿ ಬಿಚ್ಚಿ ಹೊಸ್ತಿಲ ಒಳಗೆ ಕೂತ. ಆರು ವರ್ಷದಿಂದ ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನಾಲಗೆಗೆ ಬರಲಿಲ್ಲ. ಮೀಸೆಯಿಂದಲೇ ಶುರುಮಾಡಿದ. ಸಲೂನು, ನೀರುದೋಸೆಯ ಹಲಗೆ, ನಾಯಿ, ನೆಟ್ಟಗಿನ ಗೆರೆ, ಕೇಶತೈಲ, ಬ್ಯಾನರಿನ ಕೂದಲು, ಮಾಲೆ ಹಿಡಿದು ಓಡಿ ಬಂದ ಸೆಕ್ರೆಟರಿ, ಎಲ್ಲ ಹಿಂದುಮುಂದಾಗಿ ಹೊರಬಂತು. ಅಂಗಾರ ತೊಂಡೆಕಾಯಿ ಹೆಚ್ಚುತ್ತಲೇ ಕೇಳಿದ. ಒಮ್ಮೆಯೂ ನಗಲಿಲ್ಲ.

ಅಷ್ಟರಲ್ಲಿ ಸೀನಣ್ಣನ ಫೋನು ಬಡಿದುಕೊಂಡಿತು. ಅದು ಹನ್ನೊಂದನೆಯ ಸಲ. ಅಂಗಾರ ಚೂರಿಯ ತುದಿಯಿಂದ ಫೋನಿನ ಕಡೆ ತೋರಿಸಿ, ಎತ್ತು ಎಂದ. ಸೀನಣ್ಣ ಎತ್ತಿದ.

ಶೀಲಾವತಿ ಬೈಯಲು ಸಿದ್ಧಳಾಗಿದ್ದಳು. ಮಾಡೆಲ್ ಬಾರದ್ದರಿಂದ ಸಂಗಪ್ಪನವರು ಮಾಡೆಲಿನ ಧರ್ಮಪತ್ನಿಗೇ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತನಾಡಿ ಎಂದು ಮೈಕನ್ನೂ ಕೈಗೆ ಹಿಡಿಸಿದ್ದರಂತೆ. ಸೀನಣ್ಣ ಅವಳನ್ನು ನಡುವೆ ತಡೆದು, ತಾನು ಮಾಡೆಲ್ ಅಲ್ಲ, ಎಣ್ಣೆಯೂ ಇಲ್ಲ ಏನೂ ಇಲ್ಲ, ಹೋದದ್ದು ಮನಸ್ಸಿನ ಪರೀಕ್ಷೆ ಮಾಡುವವರಲ್ಲಿಗೆ ಎಂದು ಒಂದೇ ಉಸಿರಿಗೆ ಹೇಳಿದ. ಈಗ ಎಲ್ಲಿದ್ದೀರಿ ಎಂದು ಕೇಳಿದಳು. ಜೋಗೇಶ್ವರಿಯಲ್ಲಿ ಎಂದ.

“ಅಂಗಾರಣ್ಣನಿಗೆ ಫೋನ್ ಕೊಡಿ,” ಎಂದಳು.

ಅಂಗಾರ ಕೈ ಒರೆಸಿಕೊಂಡು ಫೋನ್ ಕಿವಿಗಿಟ್ಟ. ಅವಳು ಬಹಳ ಹೊತ್ತು ಮಾತಾಡಿದಳು. ಅವನು ಹೂಂ, ಹೂಂ ಎಂದಷ್ಟೇ ಹೇಳಿದ. ಕೊನೆಗೆ, ಊಟ ಮಾಡಿಸಿ ಕಳಿಸುತ್ತೇನೆ ತಂಗಿ ಎಂದು ಫೋನ್ ಕೆಳಗಿಟ್ಟ.

ಆಗ ಸೀನಣ್ಣನಿಗೆ ಬಾಯಿ ಬಂತು. “ನಾನು ಆಸ್ಪತ್ರೆಗೆ ಬಂದಿದ್ದೆ ಅಂಗಾರ,” ಎಂದ. “ಮೂರು ದಿನ ಬಂದೆ. ಗೇಟಿನ ಒಳಗೆ ಕಾಲಿಡಲಿಕ್ಕೆ ಆಗಲಿಲ್ಲ. ಅವಳನ್ನು ಆ ಮಂಚದಲ್ಲಿ ನೋಡುದು ನನ್ನಿಂದ ಆಗ್ತಿರಲಿಲ್ಲ ಮಾರಾಯ.”

“ಗೊತ್ತುಂಟು,” ಎಂದ ಅಂಗಾರ.

ಸೀನಣ್ಣ ಅವನ ಮುಖ ನೋಡಿದ.

ಅಂಗಾರ ನಿಧಾನವಾಗಿ ಹೇಳಿದ. ವಿನೋದಿನಿಯ ಮಂಚ ಎರಡನೆಯ ಮಾಳಿಗೆಯ ಕಿಟಕಿಯ ಪಕ್ಕದಲ್ಲಿತ್ತು. ಅಲ್ಲಿಂದ ಗೇಟು ಕಾಣುತ್ತಿತ್ತು. ಒಂದು ಸಂಜೆ ಅವಳೇ ಗಂಡನನ್ನು ಕರೆದು ತೋರಿಸಿದಳು. ಗೇಟಿನ ಹೊರಗೆ ಸೀನ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಎರಡು ಹೆಜ್ಜೆ ಮುಂದೆ ಬರುತ್ತಾನೆ, ವಾಚ್‌ಮನ್ ನೋಡಿದ ಕೂಡಲೇ ಯಾರದೋ ಫೋನ್ ಬಂದವನ ಹಾಗೆ ತಿರುಗುತ್ತಾನೆ. ಕೆಳಗೆ ಹೋಗಿ ಕರೆತರುತ್ತೇನೆಂದು ಅಂಗಾರ ಹೊರಟ. ಅವಳು ಬೇಡ ಎಂದಳು. ಪಾಪದವನು, ಹೆದರಿದ್ದಾನೆ, ಎಳೆದು ತಂದರೆ ಇಲ್ಲಿ ಬಂದು ಅಳುತ್ತಾನೆ, ಆಮೇಲೆ ಸಮಾಧಾನ ಮಾಡುವ ಕೆಲಸ ನನಗೇ ಬರುತ್ತದೆ, ಅಲ್ಲೇ ಇರಲಿ, ಕಾಣುತ್ತಾನಲ್ಲ ಎಂದಳಂತೆ. ಮರುದಿನ ಅದೇ ಹೊತ್ತಿಗೆ ದಿಂಬು ಎತ್ತರಿಸಿಕೊಂಡು ಕೂತು ಕಾದಳು. ಅದರ ಮರುದಿನವೂ. ಆ ಮೂರು ಸಂಜೆ ಅವಳು ನಕ್ಕಷ್ಟು ಆಸ್ಪತ್ರೆಯಲ್ಲಿ ಬೇರೆ ಯಾವ ದಿನವೂ ನಗಲಿಲ್ಲ. ನಾಲ್ಕನೆಯ ದಿನ ಸೀನ ಬರಲಿಲ್ಲ. ಅವಳು ಕತ್ತಲಾಗುವವರೆಗೆ ನೋಡಿ, ದಿಂಬು ಇಳಿಸಲು ಹೇಳಿದಳು.

ಸೀನಣ್ಣ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

“ಒಳಗೆ ಬಾರದ್ದಕ್ಕೆ ಅವಳೇ ಮಾಫಿ ಮಾಡಿ ಹೋದಳು,” ಎಂದ ಅಂಗಾರ. “ಅದರಲ್ಲಿ ನಂದು ಎಂತದೂ ಇಲ್ಲ. ಆದ್ರೆ ಆಮೇಲಿನ ಆರು ವರ್ಷ ಉಂಟಲ್ಲ ಸೀನ, ಅದು ಅವಳ ಕೈಯಲ್ಲಿ ಇರಲಿಲ್ಲ. ಪ್ರತಿ ಭಾನುವಾರ ನಾನು ಬಾಗಿಲು ಹಾಕದೆ ಕೂತಿದ್ದೆ.”

ಅಂಗಾರ ಎದ್ದು ಹೋಗಿ ತೊಂಡೆಕಾಯಿಯನ್ನು ತೊಳೆದು, ಒಲೆ ಹಚ್ಚಿ, ಒಗ್ಗರಣೆ ಹಾಕಿದ. ಅಕ್ಕಿಯ ಡಬ್ಬ ತೆರೆದು ಒಂದು ಪಾವು ಹಾಕಿ, ನಿಂತು, ಇನ್ನೊಂದು ಪಾವು ಹಾಕಿದ. ಮುಚ್ಚಳ ಮುಚ್ಚಿ ಬಂದು ಸೀನಣ್ಣನ ಎದುರು ಕೂತ.

“ಒಂದು ಕೇಳ್ಲಿಕ್ಕುಂಟು,” ಎಂದ. “ಆ ಚೀಲದಲ್ಲಿ ಎಂತ ಇತ್ತು?”

“ಪತ್ರೊಡೆ,” ಎಂದ ಸೀನಣ್ಣ. “ಶೀಲಾವತಿ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಸ್ಟೂಲಿನಲ್ಲಿ ಕೂತು ಮಾಡಿದ್ದು. ವಿನೋದಿನಿಗೆ ಇಷ್ಟ ಅಂತ.”

ಅಂಗಾರ ಗೋಡೆಯ ಮೇಲಿದ್ದ ಹೆಂಡತಿಯ ಫೋಟೋ ಕಡೆ ತಿರುಗಿದ. “ನೀನು ಗೆದ್ದಿ ಮಾರಾಯ್ತಿ,” ಎಂದ. ಆಮೇಲೆ ಸೀನಣ್ಣನಿಗೆ ವಿವರಿಸಿದ. ಕಿಟಕಿಯಲ್ಲಿ ಕೂತು ಅವರಿಬ್ಬರೂ ಪಂಥ ಕಟ್ಟಿದ್ದರು. ಆಸ್ಪತ್ರೆಗೆ ಬರುವವನು ಎಳನೀರಿನ ಬೊಂಡವಲ್ಲದೆ ಮತ್ತೇನು ತರುತ್ತಾನೆ ಎಂದು ಅಂಗಾರ. ಚೀಲ ಹಿಡಿದ ರೀತಿ ನೋಡಿದರೆ ಒಳಗೆ ಡಬ್ಬ ಉಂಟು, ಮಳೆಗಾಲ ಬೇರೆ, ಕೆಸುವಿನ ಎಲೆ ಸಿಗುವ ಹೊತ್ತು, ಪತ್ರೊಡೆಯೇ ಎಂದು ಅವಳು.

“ಮತ್ತೆ ಅದನ್ನು ಎಂತ ಮಾಡಿದ್ದಿ?”

“ತಿಂದೆ. ಖಾಲಿ ಡಬ್ಬ ಒಯ್ದು, ಅವಳು ತಿಂದಳು ಅಂತ ಮನೆಯಲ್ಲಿ ಹೇಳಿದೆ.”

“ಮೂರು ದಿನವೂ?”

“ಮೂರು ದಿನವೂ. ಪರೇಲ್ ಸ್ಟೇಷನ್ನಿನ ಬೆಂಚಿನಲ್ಲಿ ಕೂತು.”

ಅಂಗಾರನ ಹೆಗಲು ಅಲುಗತೊಡಗಿತು. ನಗುತ್ತಿದ್ದಾನೆಂದು ತಿಳಿಯಲು ಸೀನಣ್ಣನಿಗೆ ಸ್ವಲ್ಪ ಹೊತ್ತು ಬೇಕಾಯಿತು. ನಕ್ಕು ನಕ್ಕು, ಕಣ್ಣೊರೆಸಿಕೊಂಡು ಅವನು ಕೇಳಿದ:

“ಹೇಗಿತ್ತು ಮಾರಾಯ?”

ಸೀನಣ್ಣ ಪ್ರಾಮಾಣಿಕವಾಗಿ ಯೋಚಿಸಿ ನೋಡಿದ.

“ಉಪ್ಪು ಸ್ವಲ್ಪ ಜಾಸ್ತಿ ಇತ್ತು,” ಎಂದ.